ನಾರ್ಮಲ್ ಎಂದು ಬರೆದ ಡಬ್ಬಿ

"ಮೇಡಂ, ಮಿಷಿನ್‌ಗೆ ಏನೂ ಆಗಿಲ್ಲ. ಕಿಟ್ಟೂ ಸರಿಯಾಗೇ ಇದೆ," ಎಂದು ಮಿಷಿನ್ ಕಂಪನಿಯವನು ಕೈಗವಸು ಕಳಚಿ ಬುಟ್ಟಿಗೆ ಹಾಕಿದ. ಮಾತಿನಲ್ಲಿ ಮರ್ಯಾದೆಯಿತ್ತು, ಮುಖದಲ್ಲಿರಲಿಲ್ಲ. ಹಿಂದಿನ ಶುಕ್ರವಾರ ಫೋನಿನಲ್ಲಿ ಲ್ಯಾಬ್ ಟೆಕ್ನೀಷಿಯನ್ ಆದ ಅವಳು ಆಡಿದ ಮಾತುಗಳನ್ನು ಅವನು ಇನ್ನೂ ನುಂಗಿಕೊಂಡಿರಲಿಲ್ಲ.

ಮಿಷಿನ್ನಿನಿಂದ ಹೊರಬಂದ ಚೀಟಿಯನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ಉತ್ತರ ಮೊದಲೇ ಗೊತ್ತಿರುವ ಎರಡು ದ್ರಾವಣಗಳನ್ನು ಅವನು ತನ್ನ ಜೊತೆಗೇ ತಂದಿದ್ದ. ಎರಡಕ್ಕೂ ಬರಬೇಕಾದ ಅಂಕಿಯೇ ಬಂದಿತ್ತು.

"ಮತ್ತೆ ನಮ್ಮ ನಾರ್ಮಲ್ ಯಾಕೆ ಎಂಬತ್ತಾರು ತೋರಿಸ್ತು?"

"ಅದನ್ನ ನಿಮ್ಮ ನಾರ್ಮಲ್ಲನ್ನೇ ಕೇಳ್ಬೇಕು ಮೇಡಂ," ಎಂದು ನಕ್ಕು ಅವನು ಚೀಲ ಹೆಗಲಿಗೇರಿಸಿಕೊಂಡು ಹೊರಟ.

ಬಾಗಿಲು ಮುಚ್ಚಿಕೊಂಡಿತು. ಅವಳು ಸ್ಟೂಲಿನ ಮೇಲೆ ಕುಳಿತಳು. ಬೆಳಿಗ್ಗೆ ಆರೂವರೆಯಿಂದ ನಿಂತೇ ಇದ್ದ ಕಾಲುಗಳು ಬೇರೆ ಯಾರವೋ ಅನ್ನಿಸುತ್ತಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸಕ್ಕರೆ ಕಾಯಿಲೆಯವರಿಗೆಂದು ವಾರಕ್ಕೆರಡು ದಿನ ಪ್ರತ್ಯೇಕ ತಪಾಸಣೆ ಶುರುಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಅದಕ್ಕಾಗಿ ಎರಡು ಪರೀಕ್ಷೆಗಳು ಹೊಸದಾಗಿ ಲ್ಯಾಬಿಗೆ ಬಂದಿದ್ದವು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡುವುದು ಒಂದು. ಕಾಲು ಊದಿಕೊಳ್ಳುವುದಕ್ಕೆ, ಸುಸ್ತಾಗುವುದಕ್ಕೆ ವರ್ಷಗಳ ಮುಂಚೆಯೇ ಕಿಡ್ನಿ ಕೊಡುವ ಸುಳಿವು ಅದು. ಇನ್ನೊಂದು ರಕ್ತದ್ದು. ಮೈಯೊಳಗೆ ಎಲ್ಲೋ ಸದ್ದಿಲ್ಲದೆ ಉರಿಯೂತ ನಡೆಯುತ್ತಿದ್ದರೆ ಅದರ ಅಂಕಿ ಏರುತ್ತದೆ. ಮೂತ್ರದ್ದು ಮೂವತ್ತರೊಳಗೆ, ರಕ್ತದ್ದು ಮೂರರೊಳಗೆ ಇದ್ದರೆ ನೆಮ್ಮದಿ.

ಕಿಟ್ಟುಗಳು ಬಂದವು, ಅವನ್ನು ಪರೀಕ್ಷಿಸಿ ನೋಡುವ ದ್ರಾವಣ ಮಾತ್ರ ದಾರಿಯಲ್ಲೆಲ್ಲೋ ಉಳಿದುಹೋಯಿತು. ಫ್ರಿಜ್ಜಿನಲ್ಲಿ ರೋಗಿಗಳ ಡಬ್ಬಿಗಳು ಕಾಯುತ್ತಿದ್ದವು. ಆಗ ಆ ಲ್ಯಾಬಿನಲ್ಲಿ ಮೊದಲಿನಿಂದ ಮಾಡುತ್ತ ಬಂದಿದ್ದನ್ನೇ ಅವಳೂ ಮಾಡಿದಳು. ಆರೋಗ್ಯವಾಗಿದ್ದಾನೆಂದು ಎಲ್ಲರೂ ಒಪ್ಪಿಕೊಂಡ ಒಬ್ಬ ಮನುಷ್ಯನ ಸ್ಯಾಂಪಲ್ ತೆಗೆದುಕೊಂಡು, ಡಬ್ಬಿಯ ಮೇಲೆ 'ನಾರ್ಮಲ್' ಎಂದು ಬರೆದು ಮಿಷಿನ್ನಿಗೆ ಕೊಟ್ಟಳು. ಆ ಮನುಷ್ಯ ಯಾರೆಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವನೊಬ್ಬನೇ.

ಅವನು ಲ್ಯಾಬಿನ ಅಟೆಂಡರ್. ಬಾಗಿಲಲ್ಲಿ ನಿಂತು ಟೋಕನ್ ಕರೆಯುತ್ತಿದ್ದ, ಸೀಸೆಗಳನ್ನು ಹೊರುತ್ತಿದ್ದ, ನಡೆಯಲಾಗದವರನ್ನು ಗಾಲಿಕುರ್ಚಿಯಲ್ಲಿ ತಳ್ಳುತ್ತಿದ್ದ. ಹೆಸರು ಹಿಡಿದು ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಡಾಕ್ಟರಮ್ಮನೂ "ನಾರ್ಮಲ್ ಎಲ್ಲಿ, ಸ್ವಲ್ಪ ಕಳಿಸಿ" ಎನ್ನುತ್ತಿದ್ದರು. ಸೂಜಿಗೆ ಹೆದರುವ ರೋಗಿಗಳಿಗೆ ಅವನು, "ಹೆದರಬೇಡಿ, ಈ ಮಿಷಿನ್‌ಗೆ ಆರೋಗ್ಯ ಅಂದ್ರೆ ಏನು ಅಂತ ಪಾಠ ಹೇಳಿಕೊಟ್ಟವನೇ ನಾನು" ಎಂದು ಎದೆ ತಟ್ಟಿಕೊಳ್ಳುತ್ತಿದ್ದ.

ಅವಳಿಗೂ ಪಾಠ ಹೇಳಿಕೊಟ್ಟವನು ಅವನೇ. ಅವಳು ಹಗಲು ಇದೇ ಲ್ಯಾಬಿನಲ್ಲಿ ಸೀಸೆ ತೊಳೆದು, ಸಂಜೆ ಲ್ಯಾಬ್ ಕೋರ್ಸಿನ ತರಗತಿಗೆ ಓಡುತ್ತಿದ್ದ ಕಾಲ ಅದು. ಪುಸ್ತಕ ಬಾಯಿಪಾಠವಾಗಿತ್ತು, ಸೂಜಿ ಹಿಡಿದರೆ ನರ ಸಿಗುತ್ತಿರಲಿಲ್ಲ. ಒಂದು ದಿನ ಅವನು ತನ್ನ ಎಡತೋಳನ್ನು ಮೇಜಿನ ಮೇಲೆ ಚಾಚಿ, "ಚುಚ್ಚು ತಂಗಿ. ನನ್ನ ನರ ಹಗ್ಗ ಇದ್ದ ಹಾಗಿದೆ. ಕಣ್ಣು ಮುಚ್ಕೊಂಡು ಚುಚ್ಚಿದ್ರೂ ಸಿಗುತ್ತೆ" ಎಂದಿದ್ದ. ಸಿಗುವುದಕ್ಕೆ ಐದು ಸಲ ಬೇಕಾಯಿತು. ಆಮೇಲೆ ಒಂದು ವಾರ ಅವನು ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡು ಓಡಾಡಿದ್ದ.

ಅಂಥವನ ಮೂತ್ರ ಎಂಬತ್ತಾರು, ರಕ್ತ ಏಳು ತೋರಿಸಿದಾಗ ಅವಳು ನಂಬಲಿಲ್ಲ. ನೀರನ್ನು ಅನುಮಾನಿಸಿದಳು, ಪಿಪೆಟ್ಟನ್ನು ಅನುಮಾನಿಸಿದಳು. ಕಿಟ್ಟನ್ನು ಬಿಸಿಲಲ್ಲಿ ಇಳಿಸಿರಬೇಕು ಎಂದುಕೊಂಡಳು. ಸಂಜೆ ತರಗತಿಯಲ್ಲಿ ಕಲಿತವಳಿಗೆ ಇಷ್ಟೇ ಬರುವುದು ಎಂದು ತನ್ನ ಕೈಯನ್ನೂ ಶಪಿಸಿಕೊಂಡಳು. ಮೂರು ದಿನ ಬಿಟ್ಟು ಮತ್ತೆ ಡಬ್ಬಿ ಕೊಟ್ಟು ನೋಡಿದಳು. ತೊಂಬತ್ತೊಂದು. "ಕಿಟ್ ಜಾಸ್ತಿ ತೋರಿಸ್ತಿದೆ" ಎಂದು ಡಾಕ್ಟರಮ್ಮನಿಗೆ ಹೇಳಿ ಹದಿನಾಲ್ಕು ಜನರ ವರದಿಗಳನ್ನು ತಡೆಹಿಡಿದಳು. ಒಂಬತ್ತು ದಿನ ಅವು ಅವಳ ಡ್ರಾಯರಿನಲ್ಲಿ ಮಲಗಿದ್ದವು. ಲೋಕದಲ್ಲಿರುವ ಎಲ್ಲವನ್ನೂ ಅನುಮಾನಿಸಿದವಳು ಆ ಮನುಷ್ಯನೊಬ್ಬನನ್ನು ಬಿಟ್ಟಿದ್ದಳು.

ಮೊದಲ ಸಲ ಡಬ್ಬಿ ಕೊಟ್ಟ ಬೆಳಗು ಈಗ ನೆನಪಾಯಿತು. "ಇದ್ರಲ್ಲಿ ಸಕ್ಕರೆ ನೋಡ್ತೀಯಾ?" ಎಂದು ಅವನು ಕೇಳಿದ್ದ. ಅವಳು ಲೇಬಲ್ಲುಗಳಿಗೆ ನಂಬರು ಹಾಕುತ್ತ, ತಲೆಯೆತ್ತದೆ, "ಇಲ್ಲಣ್ಣ, ಇದು ಬೇರೆ" ಎಂದಿದ್ದಳು. "ಹಾಗಾದ್ರೆ ಕೊಡು." ಹೋದ ವರ್ಷ ಸಕ್ಕರೆಯ ಹೊಸ ಮಿಷಿನ್ ಬಂದಾಗ, ಈಗ ತಾನೆ ಎರಡು ಬಾಳೆಹಣ್ಣು ತಿಂದೆ ಎಂದು ಅವನು ನುಣುಚಿಕೊಂಡಿದ್ದ. ಅದರ ಹಿಂದಿನ ವರ್ಷ ಅದೇ ಹೊತ್ತಿಗೆ ರಜೆ ಹಾಕಿದ್ದ.

ಅವಳು ಮೊದಲು ಡಾಕ್ಟರಮ್ಮನಿಗೆ ಫೋನು ಮಾಡಿದಳು. ತಪ್ಪು ತನ್ನದೇ ಎಂದು ಮೂರು ಸಲ ಹೇಳಿದಳು.

"ಒಂದು ಸಲ ಹೇಳಿದ್ರೆ ಸಾಕಮ್ಮ," ಎಂದಿತು ಆ ಕಡೆಯ ದಣಿದ ದನಿ. "ಇವತ್ತೇ ಕಳಿಸಿ. ಎಷ್ಟು ಜನರದ್ದು ಜಾಸ್ತಿ ಇದೆ?"

"ಆರು." ಏಳನೆಯದನ್ನು ಅವಳು ಹೇಳಲಿಲ್ಲ.

ಮಧ್ಯಾಹ್ನ ಬೆಂಚುಗಳು ಖಾಲಿಯಾದ ಮೇಲೆ ಅವನು ಎರಡು ಲೋಟ ಟೀ ಹಿಡಿದು ಒಳಗೆ ಬಂದ.

"ಏನಂದ ಆ ಟೈ ಕಟ್ಕೊಂಡ ಕಂಪನಿಯವನು? ಮಿಷಿನ್ ಸತ್ತಿದೆಯಂತಾ, ಬದುಕಿದೆಯಂತಾ?"

"ಚೆನ್ನಾಗಿದೆಯಂತೆ."

"ನಾನು ಹೇಳ್ಲಿಲ್ವಾ? ಪಾಪ, ಅವನಿಗೆ ನೀನು ಸುಮ್ಮನೆ ಹಾಗೆ ಜಾಡಿಸಿದೆ..." ಮಾತು ಅಲ್ಲಿಗೆ ನಿಂತಿತು. ಅವನು ಮಿಷಿನ್ ನೋಡಿದ, ಅವಳನ್ನು ನೋಡಿದ.

"ಬಾಗಿಲು ಹಾಕಿ ಅಣ್ಣ."

ಹಾಕಿದ.

"ಈಚೆಗೆ ಜ್ವರ ಗಿರ ಬಂದಿತ್ತಾ? ಹಲ್ಲುನೋವು? ಕಾಲಿಗೆ ಗಾಯ?" ಒಂದಾದರೂ ಹೌದು ಎನ್ನಲಿ ಎಂಬ ಆಸೆ ಅವಳ ದನಿಯಲ್ಲೇ ಇತ್ತು.

"ನನಗಾ? ನಾನು ಸೀನಿ ನಾಲ್ಕು ವರ್ಷ ಆಯ್ತು."

"ಸಕ್ಕರೆ ಎಷ್ಟು ವರ್ಷದಿಂದ?"

ಅವನು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಯಾರು ಹೇಳಿದ್ರು?"

"ನೀವೇ. ಡಬ್ಬಿ ಇಸ್ಕೊಳ್ಳೋವಾಗ."

ಹೊರಗೆ ಯಾರೋ ನೆಲ ಒರೆಸುವ ಬಕೆಟ್ಟನ್ನು ಎಳೆದುಕೊಂಡು ಹೋದರು. ಆ ಸದ್ದು ಕಾರಿಡಾರಿನ ಕೊನೆ ಮುಟ್ಟಿತು.

"ಆರು ವರ್ಷ. ಊರಾಚೆ ಒಬ್ಬ ಡಾಕ್ಟರಿದ್ದಾನೆ, ಅಲ್ಲಿ ತೋರಿಸ್ತೀನಿ. ಮಾತ್ರೆ ಕೊಟ್ಟಿದ್ದಾನೆ. ನೆನಪಾದಾಗ ತಗೋತೀನಿ."

"ನೆನಪಾಗದೇ ಇದ್ದಾಗ?"

"ಆಗ ನಾರ್ಮಲ್ಲು." ನಗಲು ನೋಡಿದ. ಅವಳು ನಗಲಿಲ್ಲ.

"ನನಗಾದ್ರೂ ಒಂದು ಮಾತು ಹೇಳಬಾರದಾಗಿತ್ತಾ?"

"ಏನಂತ ಹೇಳ್ಲಿ? ಈ ಕಟ್ಟಡದಲ್ಲಿ ನನಗಿರೋದು ಅದೊಂದೇ ಪದವಿ ಕಣಮ್ಮ. ನೀನು ಓದಿ ಮೇಡಂ ಆದೆ. ನಾನು ಓದದೇ ನಾರ್ಮಲ್ ಆದೆ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. ಬಳಿಕ ಛಾವಣಿಯ ಕಡೆ ಕಣ್ಣು ಮಾಡಿ ಕೇಳಿದ, "ಮೂರನೇ ಮಹಡೀನಾ?"

ಮೂರನೇ ಮಹಡಿಯಲ್ಲಿ ಡಯಾಲಿಸಿಸ್ ಕೋಣೆಯಿತ್ತು. ವಾರಕ್ಕೆ ಮೂರು ದಿನ ಬರುವವರನ್ನು ಅವನೇ ಕುರ್ಚಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದ, ನಾಲ್ಕು ಗಂಟೆ ಕಳೆದ ಮೇಲೆ ಅವನೇ ಇಳಿಸಿಕೊಂಡು ಬರುತ್ತಿದ್ದ. ಅವರಲ್ಲಿ ಯಾರು ಬರುವುದನ್ನು ಯಾವಾಗ ನಿಲ್ಲಿಸಿದರೆಂಬುದು ಅವನಿಗೆ ಗೊತ್ತಿರುವಷ್ಟು ಡಾಕ್ಟರುಗಳಿಗೂ ಗೊತ್ತಿರಲಿಲ್ಲ.

"ಅಲ್ಲಣ್ಣ. ನಾನು ಡಾಕ್ಟರಲ್ಲ, ಜಾಸ್ತಿ ಹೇಳಬಾರದು. ಇನ್ನೊಂದು ಸಲ ನೋಡದೆ ಖಾತ್ರಿಯಾಗೂ ಹೇಳೋಕಾಗಲ್ಲ. ಆದ್ರೆ ಇದು ತೊಟ್ಟಿಕ್ಕೋಕೆ ಶುರುವಾದ ನಲ್ಲಿ, ಅಷ್ಟೆ. ಈಗ ಕೈ ಹಾಕಿದ್ರೆ ಡಾಕ್ಟರಮ್ಮ ತಡೀಬಹುದು. ಇನ್ನೂ ಆರು ವರ್ಷ ಬಿಟ್ರೆ ಯಾರ ಕೈಲೂ ಆಗಲ್ಲ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅಳಿಸಿಬಿಡು ತಂಗಿ. ಡಬ್ಬಿ ಮೇಲೆ ನಾರ್ಮಲ್ ಅಂತ ತಾನೆ ಬರೆದಿರೋದು? ಅದು ಯಾರದ್ದೂ ಅಲ್ಲ. ನಾನು ಮಾತ್ರೆ ತಗೋತೀನಿ. ದಿನಾ ತಗೋತೀನಿ, ನಿನ್ನಾಣೆ."

ಅಳಿಸಬಹುದಿತ್ತು. ಎರಡು ಗುಂಡಿ ಒತ್ತಿದರೆ ಮುಗಿಯಿತು. ಅವನ ಮಾನವೂ ಉಳಿಯುತ್ತಿತ್ತು, ಐದು ಸಲ ಚುಚ್ಚಿಸಿಕೊಂಡ ಆ ತೋಳಿನ ಋಣವೂ ಅಷ್ಟಿಷ್ಟು ತೀರಿದಂತಾಗುತ್ತಿತ್ತು. ಅವಳು ಟೀ ಲೋಟದ ಅಂಚಿನ ಸುತ್ತ ಬೆರಳಾಡಿಸುತ್ತ ಕುಳಿತಳು. ಟೀಯ ಮೇಲೆ ಕೆನೆ ಕಟ್ಟಿತ್ತು.

"ಹೌದು, ಅದು ಯಾರದ್ದೂ ಅಲ್ಲ," ಎಂದಳು ಕೊನೆಗೆ. "ಯಾರದ್ದೂ ಅಲ್ಲದ್ದಕ್ಕೆ ಯಾರು ಔಷಧಿ ಬರೀತಾರೆ ಅಣ್ಣ? ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ. ಎಲ್ಲರ ಹಾಗೆ ಟೋಕನ್ ತಗೊಳ್ಳಿ."

ಅವನು ಎರಡೂ ಲೋಟಗಳನ್ನು ಎತ್ತಿಕೊಂಡು, ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಹೊರಟುಹೋದ. ಅವಳ ಲೋಟ ಇನ್ನೂ ತುಂಬಿಯೇ ಇತ್ತು.

ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹೇಳಿದ ರೀತಿ ತಪ್ಪಾಯಿತೇನೋ, ನಲ್ಲಿಯ ಮಾತು ಬೇಡವಾಗಿತ್ತೇನೋ ಎಂದು ಮಗ್ಗುಲು ಬದಲಿಸಿದಳು. ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ಅವನಿರಲಿಲ್ಲ. ರಜೆಯ ಚೀಟಿಯೂ ಇರಲಿಲ್ಲ. ಟೋಕನ್ ಕರೆಯುವವರಿಲ್ಲದೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. "ನಿಮ್ಮ ನಾರ್ಮಲ್ ಎಲ್ಲಮ್ಮ?" ಎಂದು ಮುದುಕಿಯೊಬ್ಬಳಿಂದ ಅವಳು ಗದರಿಸಿಕೊಂಡಳು. ಅವಳೇ ಒಂದೊಂದು ಸಲವೂ ಸೂಜಿ ಇಟ್ಟು, ಹೊರಗೆ ಬಂದು, ನಂಬರು ಕೂಗಿ, ಮತ್ತೆ ಒಳಗೆ ಹೋಗಬೇಕಾಯಿತು. ಊರಾಚೆಯ ಆ ಡಾಕ್ಟರ ಹತ್ತಿರವೂ ಅವನು ಇನ್ನು ಹೋಗಲಿಕ್ಕಿಲ್ಲ ಎಂಬ ಯೋಚನೆ ಒಂದೊಂದು ನಂಬರಿಗೂ ಮರಳಿ ಬರುತ್ತಿತ್ತು.

"ಹದಿನೇಳು."

ಯಾರೂ ಏಳಲಿಲ್ಲ.

"ಹದಿನೇಳು ಯಾರು?"

"ಸ್ವಲ್ಪ ಜೋರಾಗಿ ಕರೀಬೇಕು ಮೇಡಂ. ಹಿಂದಿನ ಬೆಂಚಿಗೆ ಕೇಳಿಸಲ್ಲ."

ಗೋಡೆಗೆ ಒರಗಿದ ಕೊನೆಯ ಬೆಂಚಿನಲ್ಲಿ ಅವನು ಕುಳಿತಿದ್ದ. ಖಾಕಿ ಅಂಗಿ ಇರಲಿಲ್ಲ. ಚೌಕಳಿಯ, ಹಳೆಯದಾದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅದಕ್ಕೇ ಅವಳ ಕಣ್ಣು ಆ ಬೆಂಚಿನ ಮೇಲೆ ಎರಡು ಸಲ ಹಾದುಹೋದರೂ ಅವನನ್ನು ಗುರುತಿಸಿರಲಿಲ್ಲ. ಟೋಕನ್ನನ್ನು ಎಲ್ಲರಂತೆ ಮುಷ್ಟಿಯಲ್ಲಿ ಬಿಗಿಹಿಡಿದಿದ್ದ.

ಒಳಗೆ ಬಂದು ರೋಗಿಗಳ ಕುರ್ಚಿಯಲ್ಲಿ ಕುಳಿತ. ಅವಳು ಪೆನ್ನು ತೆಗೆದುಕೊಂಡು, ಅವನು ತುಂಬಿಸಿ ತಂದಿದ್ದ ಫಾರಂ ನೋಡಿ ನೋಡಿ, ಸೀಸೆಯ ಮೇಲೆ ಅವನ ಹೆಸರನ್ನು ಪೂರ್ತಿಯಾಗಿ ಬರೆದಳು. ಉದ್ದದ ಹೆಸರು. ಲೇಬಲ್ಲಿನಲ್ಲಿ ಜಾಗ ಸಾಲದೆ ಕೊನೆಯ ಅಕ್ಷರಗಳನ್ನು ಒತ್ತೊತ್ತಾಗಿ ಬರೆಯಬೇಕಾಯಿತು.

ಅವನು ಎಡತೋಳು ಚಾಚಿದ. ಅವಳು ಪಟ್ಟಿ ಕಟ್ಟಿ, ನರಕ್ಕಾಗಿ ಬೆರಳಿನಿಂದ ತಡಕಿದಳು. ಅದು ಈಗ ಹಗ್ಗದಂತಿರಲಿಲ್ಲ.

"ಕಣ್ಣು ಮುಚ್ಕೋಬೇಡ ಮತ್ತೆ," ಎಂದು ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಹೊರಗೆ ಹದಿನೆಂಟನೆಯವರು ಯಾರೋ ಕೆಮ್ಮಿದರು. ಅವಳು ತಡಕುತ್ತಲೇ ಇದ್ದಳು.