ಅಯ್ಯನವರ ಕುರ್ಚಿ

ಕುರ್ಚಿಯ ತೋಳಿಗೆ ಯಾರೋ ಮತ್ತೆ ಎಣ್ಣೆ ಸವರಿದ್ದರು. ಚರ್ಚಿನ ಸಭಾಪಾಲಕರ ವಿಧವೆ ಒದ್ದೆ ಬಟ್ಟೆ ಹಿಡಿದು ಉಜ್ಜತೊಡಗಿದಳು. ಗಂಡ ಹೋಗಿ ಏಳು ತಿಂಗಳು. ಮಂಡಿನೋವಿನಿಂದಾಗಿ ಕೊನೆಯ ನಾಲ್ಕು ವರ್ಷ ಅವರು ಈ ಬೆತ್ತದ ಕುರ್ಚಿಯಲ್ಲಿ ಕೂತೇ ಪ್ರಸಂಗ ಮಾಡಿದ್ದರು. ಈಗ ಆರಾಧನೆ ಮುಗಿದದ್ದೇ ತಡ, ಜನ ಸಾಲುಗಟ್ಟಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

"ಒರೆಸಬೇಡಿ ಅಮ್ಮನವರೇ!" ಬಾಗಿಲವರೆಗೆ ಹೋಗಿದ್ದ ನರ್ಸ್ ಒಬ್ಬಳು ಓಡಿಬಂದಳು. "ನಾನೇ ಹಚ್ಚಿದ್ದು. ನಾಳೆ ಮಗಳಿಗೆ ಆಪರೇಷನ್."

"ದೇವರನ್ನ ಕೇಳ್ಕೋಬಾರದಾ?"

"ದೇವರಿಗೂ ಹೇಳಿದೀನಿ. ಅಯ್ಯನವರ ಕಿವಿಗೂ ಒಂದು ಮಾತು ಹಾಕಿರೋಣ ಅಂತ."

"ಆ ಕಿವಿ ಬದುಕಿದ್ದಾಗಲೇ ಮಂದ. ಊಟಕ್ಕೆ ಬನ್ನಿ ಅಂದ್ರೆ ಮೂರನೇ ಸಲಕ್ಕೆ ಕೇಳಿಸ್ತಿತ್ತು."

ನರ್ಸ್ ನಗಲಿಲ್ಲ. ಅವಳ ಕೆಂಪೇರಿದ ಕಣ್ಣು ಕಂಡು ವಿಧವೆಗೆ ತನ್ನ ಮಾತೇ ಕಹಿಯಾಯಿತು. ಅವಳ ಕೈ ಹಿಡಿದು ಮಗುವಿಗಾಗಿ ಪ್ರಾರ್ಥಿಸಿದಳು. ಆಮೆನ್ ಎಂದು ಕಣ್ಣು ತೆರೆದಾಗ, ನರ್ಸಿನ ಇನ್ನೊಂದು ಕೈ ಕುರ್ಚಿಯ ಮೇಲೇ ಇತ್ತು.

ವಿಧವೆಗೆ ತಡೆಯಲಾಗಲಿಲ್ಲ. ನೇರ ಸಭೆಯ ಕಾರ್ಯದರ್ಶಿಯ ಬಳಿ ಹೋದಳು.

"ಜನರ ಭಕ್ತಿ ಅಮ್ಮನವರೇ," ಎಂದ ಅವನು. "ನಾವ್ಯಾಕೆ ಅಡ್ಡಗಾಲು ಹಾಕೋದು? ಸುತ್ತ ಒಂದು ಕಟಕಟೆ ಹಾಕಿಸಿದ್ರೆ ಚೆನ್ನಾಗಿರುತ್ತೆ ಅಂತ ಮಾತಾಡ್ಕೋತಿದ್ವಿ."

"ದೇವರೊಬ್ಬನಿಗೆ ಬಿಟ್ಟು ಯಾರಿಗೂ ಅಡ್ಡಬೀಳಬೇಡಿ ಅಂತ ಮೂವತ್ತು ವರ್ಷ ಗಂಟಲು ಹರ್ಕೊಂಡ್ರು. ಅವರು ಕೂತ ಜಾಗಕ್ಕೇ ಅಡ್ಡಬೀಳ್ತೀರಲ್ಲ! ಅವರ ಬಾಯಿಗೆ ಮಣ್ಣು ಹಾಕಿದ್ದು ಸಾಲದಾ?"

ಉತ್ತರಕ್ಕೆ ಕಾಯದೆ ಕುರ್ಚಿ ಎತ್ತಿಕೊಂಡು ಹೊರಟಳು. ಮೂರು ಬೀದಿ ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಹೊರುತ್ತೇನೆಂದು ಬಂದವರನ್ನು ಗದರಿಸಿ ಅಟ್ಟಿದಳು.

"ಇದು ಬರೀ ಕುರ್ಚಿ," ಎಂದು ಮನೆಯಲ್ಲಿ ಸೊಸೆಗೆ ಹೇಳಿದಳು. "ಯಾರು ಬೇಕಾದ್ರೂ ಕೂತ್ಕೊಳ್ಳಿ, ನಿಂತ್ಕೊಳ್ಳಿ."

"ಸರಿ ಅತ್ತೆ."

ಒಂದು ವಾರ ಯಾರೂ ಕೂರಲಿಲ್ಲ. ಅವಳೂ ಕೂರಲಿಲ್ಲ. ಕಸ ಗುಡಿಸುವಾಗ ಅದನ್ನು ಸರಿಸದೆ ಸುತ್ತ ಗುಡಿಸುತ್ತಿದ್ದಳು.

ಶನಿವಾರ ಮಧ್ಯಾಹ್ನ ತರಕಾರಿ ಚೀಲ ಹಿಡಿದು ಒಳಬಂದರೆ, ಸೊಸೆ ಒಗೆದ ಪರದೆಯನ್ನು ಕಿಟಕಿಗೆ ಸಿಕ್ಕಿಸುತ್ತಿದ್ದಳು. ಬರಿಗಾಲಲ್ಲಿ, ಅದೇ ಕುರ್ಚಿಯ ಮೇಲೆ ನಿಂತು.

"ಇಳಿಯೇ ಕೆಳಗೆ! ಅವರ ಕುರ್ಚಿ ಅದು! ಕಾಲಿಡ್ತೀಯಾ ಅದರ ಮೇಲೆ?"

ಸೊಸೆ ಬೆಚ್ಚಿ ಇಳಿದಳು. "ಬರೀ ಕುರ್ಚಿ ಅಂತ ನೀವೇ ಅಂದ್ರಲ್ಲ ಅತ್ತೆ..." ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಚೀಲದಿಂದ ಎರಡು ಈರುಳ್ಳಿ ಉರುಳಿ ಬಿದ್ದವು. ಹೆಕ್ಕಿಕೊಳ್ಳುವಾಗ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನಿಸಿತು. ಇಡೀ ಸಭೆಯನ್ನು ಬೈದು ಬಂದವಳು ತಾನು.

"ಹತ್ತು," ಎಂದಳು.

"ಬೇಡ ಬಿಡಿ ಅತ್ತೆ, ಸ್ಟೂಲು ತರ್ತೀನಿ."

"ಹತ್ತು ಅಂದ್ನಲ್ಲ!"

ಸೊಸೆ ಅಳುಕುತ್ತಾ ಹತ್ತಿದಳು. ಅಲುಗಾಡದಂತೆ ಅತ್ತೆ ಕುರ್ಚಿಯ ಎರಡೂ ತೋಳುಗಳನ್ನು ಬಿಗಿಯಾಗಿ ಹಿಡಿದು ಬಾಗಿ ನಿಂತಳು. ಗಂಡನ ಮೈಭಾರಕ್ಕೆ ತಗ್ಗಾಗಿದ್ದ ಬೆತ್ತದಲ್ಲಿ, ಅವಳ ಕಣ್ಣೆದುರಿಗೇ, ಸೊಸೆಯ ಒಡಕು ಹಿಮ್ಮಡಿಗಳು ಕಿರ್ರೆಂದು ಹೊಸದಾಗಿ ಎರಡು ಕುಳಿ ಒತ್ತುತ್ತಿದ್ದವು.