ಗಾಳಿಯ ಸುದ್ದಿ ಬಾರದ ಬೆಳಗು

ನಮ್ಮ ಕೆರ್ಕೆನ್ನಾ ದ್ವೀಪದಲ್ಲಿ ಚಳಿಗಾಲ ಎಂದರೆ ಒಣಗುವ ಆಕ್ಟೋಪಸ್ಸಿನ ವಾಸನೆ. ನಾನು ಚಿಕ್ಕವಳಿದ್ದಾಗ ಅಮ್ಮ ಬಟ್ಟೆ ಒಣಹಾಕುವ ಹಗ್ಗದ ಮೇಲೆಯೇ ಅದನ್ನೂ ನೇತುಹಾಕುತ್ತಿದ್ದಳು. ಉಪ್ಪು, ಬಿಸಿಲು, ಸ್ವಲ್ಪ ಕಡಲಪಾಚಿ ಸೇರಿದ ಆ ವಾಸನೆ ಶಾಲೆಗೂ ನನ್ನ ಅಂಗಿಯಲ್ಲೇ ಬರುತ್ತಿತ್ತು. ಯಾರ ಮನೆಯ ಹಗ್ಗ ಖಾಲಿ ಇದೆಯೋ ಆ ಮನೆಯಲ್ಲಿ ಕಷ್ಟವಿದೆ ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಯಾರೋ ಒಂದೆರಡು ತಂದು ಅಲ್ಲಿ ನೇತುಹಾಕಿ, ಹೆಸರು ಹೇಳದೆ ಹೋಗುತ್ತಿದ್ದರು.

ಈಗ ಮೋಂಜಿಯಾಳ ಮನೆಯ ಹಗ್ಗ ಖಾಲಿ. ಅವಳ ಗಂಡ ಬಶೀರ್ ಹೋದ ವರ್ಷ ಬಿರುಗಾಳಿಯಲ್ಲಿ, ಮೀನು ಹಿಡಿಯಲು ಕಡಲಲ್ಲಿ ಖರ್ಜೂರದ ಗರಿ ನೆಟ್ಟು ಮಾಡಿದ್ದ ತನ್ನ ಮೀನುಬೇಲಿ ನೋಡಲು ಹೋದವನು ತಿರುಗಿ ಬರಲಿಲ್ಲ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.

ಅಂದಿನಿಂದ ಮೋಂಜಿಯಾ ಒಂದು ಕೆಲಸ ಹಿಡಿದಳು. ದಿನವೂ ಬೆಳಕು ಹರಿಯುವ ಮುಂಚೆ ಮಾಳಿಗೆ ಹತ್ತಿ ಗಾಳಿ ನೋಡುವುದು, ನಮ್ಮ ದ್ವೀಪದ ಜಾಲತಾಣದಲ್ಲಿ ಬರೆಯುವುದು. ‘ಇವತ್ತು ಪೂರ್ವದ ಗಾಳಿ. ಮಧ್ಯಾಹ್ನ ಜೋರಾಗುತ್ತೆ, ದೂರ ಹೋಗ್ಬೇಡಿ.’ ಅದರ ಕೆಳಗೆ ಬಶೀರನ ಬಗ್ಗೆ ಒಂದು ಮಾತು. ಅವನು ಬಲೆ ಹೆಣೆಯುವಾಗ ಗುನುಗುತ್ತಿದ್ದುದು, ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಿದ್ದುದು.

ಈ ತಾಣ ಯಾವ ದೊಡ್ಡ ಕಂಪನಿಯದೂ ಅಲ್ಲ. ಔಷಧಿ ಅಂಗಡಿಯ ಶೆದ್ಲಿಯಾ ನಮಗಾಗಿ ನಡೆಸುತ್ತಾಳೆ. ಇಂಥ ಚಿಕ್ಕ ತಾಣಗಳು ಎಷ್ಟೋ ಊರುಗಳಲ್ಲಿವೆ. ಪ್ರತಿಯೊಂದಕ್ಕೂ ಅದರದೇ ನಿಯಮ, ಅದರದೇ ಬಾಗಿಲು. ಬಾಗಿಲು ತೆರೆದಿದ್ದರೆ ಒಂದು ತಾಣದವರು ಇನ್ನೊಂದರವರ ಜೊತೆ ಮಾತಾಡಬಹುದು. ಮೋಂಜಿಯಾಳ ಮಗಳು ಇದ್ದದ್ದು ಕಡಲಾಚೆಯ ಮಾರ್ಸೇ ನಗರದ ತಾಣದಲ್ಲಿ. ಫೋನಿನಲ್ಲಾದರೆ ತಾಯಿ ಮಗಳು ಇಬ್ಬರೂ ಅತ್ತುಬಿಡುತ್ತಿದ್ದರು. ಬರೆಯುವುದಷ್ಟೇ ಅವರಿಗೆ ಸಾಧ್ಯವಾಗುತ್ತಿತ್ತು.

ಒಂದು ದಿನ ನಮ್ಮ ಪಕ್ಕದ ಮನೆಯ ಮೀನುಗಾರ ಸಾದಕನ ಮಗ ಮೆಹ್ರೆಜ್ ಆ ಗಾಳಿಯ ಸುದ್ದಿಯ ಕೆಳಗೆ ಬರೆದ: ‘ಬಶೀರ್ ಮುಳುಗಿಲ್ಲ ಬಿಡಿ. ಇಟಲಿಯಲ್ಲಿ ಯಾವಳ ಜೊತೆಗೋ ಮೆಕರೋನಿ ತಿಂತಾ ಇದಾನೆ.’

ಹಲವರು ನಗುವ ಮುಖ ಒತ್ತಿದರು. ಮರುದಿನವೂ ಅದೇ ತಮಾಷೆ. ಅದರ ಮರುದಿನವೂ.

ಮೋಂಜಿಯಾ ಔಷಧಿ ಅಂಗಡಿಗೆ ಬಂದಾಗ ನಾನೂ ಅಲ್ಲಿದ್ದೆ.

“ಅದನ್ನ ತೆಗೆದುಹಾಕು ಶೆದ್ಲಿಯಾ.”

“ಹೇಗೆ ತೆಗೀಲಿ ಅಕ್ಕಾ? ನಮ್ಮಮ್ಮಂಗೆ ಹುಷಾರಿಲ್ದಾಗ ದೋಣೀಲಿ ಆಚೆ ದಡದ ಸ್ಫಾಕ್ಸ್ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಮೆಹ್ರೆಜ್ ಅಪ್ಪ. ಆ ಮನೆ ಮುಖಕ್ಕೆ ಬಾಗಿಲು ಹಾಕ್ಲಾ? ಸ್ವಲ್ಪ ಸಹಿಸ್ಕೋ.”

“ಯಾವಾಗ್ಲೂ ನಾನೇ ಸಹಿಸ್ಕೋಬೇಕಾ?” ಎಂದಳು ಮೋಂಜಿಯಾ. ಕೈಯಲ್ಲಿದ್ದ ಔಷಧಿ ಚೀಟಿಯನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದ್ದಳು.

ಬಂದ ಅತಿಥಿಯನ್ನು ‘ನೀನು ಯಾರು, ಯಾಕೆ ಬಂದೆ’ ಎಂದು ಕೇಳುವುದು ನಮ್ಮಲ್ಲಿ ನಾಚಿಕೆಗೇಡು. ಶೆದ್ಲಿಯಾ ತಾಣದ ಬಾಗಿಲಲ್ಲೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಕೆಟ್ಟ ಮಾತಿಗೆ ಇಲ್ಲಿ ತಡೆಯಿಲ್ಲವೆಂದು ತಿಳಿದು ಎಲ್ಲೆಲ್ಲಿಯವರೋ ಬಂದು ಸೇರಿಕೊಂಡರು. ಮಾರ್ಸೇಯ ಹೆಂಗಸರಿಗೂ ಹೊಲಸು ಬರೆದರು. ಅಲ್ಲಿಯವರು ಎಚ್ಚರಿಸಿ ನೋಡಿ, ಕೊನೆಗೆ ನಮ್ಮ ಕಡೆಯ ಬಾಗಿಲನ್ನೇ ಮುಚ್ಚಿದರು. ಮೋಂಜಿಯಾಳಿಗೆ ಮಗಳ ಮಾತು ಬರುವುದು ನಿಂತಿತು.

ಆ ವಾರವೇ ಒಂದು ರಾತ್ರಿ ಅವಳು ತನ್ನ ಖಾತೆಯನ್ನೇ ಅಳಿಸಿದಳು. ಗಾಳಿಯ ಸುದ್ದಿಯ ಜೊತೆಗೆ ಬಶೀರನ ಮಾತುಗಳೂ ಹೋದವು. ಬೇರೆಲ್ಲೂ ಅವಳು ಉಳಿಸಿಟ್ಟುಕೊಂಡಿರಲಿಲ್ಲ. ಇಂಥ ತಾಣಗಳಲ್ಲಿ, ಇಷ್ಟವಾಗದಿದ್ದರೆ ಬಳಗದ ಸಮೇತ ಬೇರೆ ತಾಣಕ್ಕೆ ಹೋಗಲು ದಾರಿಯಿದೆ. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ಹಾಲು ಕೇಳಲು ಪಕ್ಕದ ಸಾದಕನ ಮನೆಗೆ ಹೋದೆ. ಅವನು ಕಡಲಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದ.

“ಸಾಲ್ಹಾ, ಗಾಳಿ ಓದೇ!” ಎಂದು ಹೆಂಡತಿಯನ್ನು ಕೂಗಿದ.

“ಬಂದಿಲ್ಲ.”

“ಬಂದಿಲ್ಲ ಅಂದ್ರೆ? ಮೋಂಜಿಯಾ ನಿದ್ದೆ ಹೋದ್ಳಾ?”

“ನಿಮ್ಮ ಮಗನ್ನ ಕೇಳಿ.”

ಮೆಹ್ರೆಜ್ ರೊಟ್ಟಿಯನ್ನು ಎಣ್ಣೆಗೆ ಅದ್ದುತ್ತ, “ತಮಾಷೆಗೆ ಏನೋ ಬರೆದೆ. ಅಷ್ಟಕ್ಕೇ ಓಡಿಹೋದ್ರೆ ನಾನೇನು ಮಾಡ್ಲಿ?” ಎಂದ.

“ಫೋನಲ್ಲಿ ಬರೆದ ಮಾತಿಗೆಲ್ಲ ಯಾರಾದ್ರೂ ಅಳ್ತಾರೇನೆ?” ಎಂದು ಸಾದಕನೂ ಹೆಂಡತಿಯ ಕಡೆ ತಿರುಗಿದ.

“ಕೇಳಿ ಹಾಗಾದ್ರೆ.” ಮಗ ಬರೆದದ್ದು ತಾಣದಲ್ಲಿ ಹಾಗೇ ಉಳಿದಿತ್ತು. ಅದನ್ನು ಸಾಲ್ಹಾ ಅವನ ಮುಂದೆಯೇ ಗಟ್ಟಿಯಾಗಿ ಓದಿದಳು.

ಸಾದಕ ಹಾಕಿಕೊಂಡಿದ್ದ ಬೂಟನ್ನು ಬಿಚ್ಚಿದ. ಬಶೀರನ ದೋಣಿಗೆ ಹಗ್ಗ ಕಟ್ಟಿ ಎಳೆದು ತಂದವನು ಅವನೇ.

“ಆ ದೋಣೀಲಿ ಅವನ ಒಂದು ಚಪ್ಪಲಿ ಇತ್ತು ಕಣೋ,” ಎಂದ ಮಗನಿಗೆ. “ಅದನ್ನ ಮೋಂಜಿಯಾ ಕೈಗೆ ಕೊಟ್ಟಿದ್ದು ನಾನು.”

ಮೆಹ್ರೆಜನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಇಳಿಯಿತು.

ಅಂದು ಸಂಜೆ ಎಲ್ಲರೂ ಔಷಧಿ ಅಂಗಡಿಯಲ್ಲಿ ಸೇರಿದೆವು.

“ನನ್ನ ಮುಖ ನೋಡಿ ಸುಮ್ನಿದ್ಯಂತಲ್ಲಮ್ಮ,” ಎಂದ ಸಾದಕ.

“ಒಬ್ಬಳೇ ಇದ್ದೆ ಸಾದಕ್ ಚಿಕ್ಕಪ್ಪಾ,” ಶೆದ್ಲಿಯಾ ಅತ್ತಳು. “ಹಗಲು ಅಂಗಡಿ, ಸಂಜೆ ಎಲ್ಲರ ಜಗಳ. ಯಾರನ್ನ ಕೇಳ್ಲಿ?”

“ಮೀನುಬೇಲಿಗೆ ಹೊಸ ಗರಿ ನೆಡೋಕೆ ನಾನು ಒಬ್ಬನೇ ಹೋಗ್ತೀನಾ? ನೆಂಟರೆಲ್ಲ ಬರಲ್ವಾ? ಇದನ್ನ ಮಾತ್ರ ನಿನ್ನೊಬ್ಬಳ ತಲೆ ಮೇಲೆ ಹಾಕಿದ್ವಿ. ಮೊದಲು ನನ್ನ ಮಗನಿಗೇ ಬಾಗಿಲು ಹಾಕು.”

“ಅಪ್ಪಾ, ಸ್ವಂತ ಮಗನ್ನೇ ಹೊರಗೆ ಹಾಕಿಸ್ತೀರಾ?” ಎಂದ ಮೆಹ್ರೆಜ್, ತಗ್ಗಿದ ದನಿಯಲ್ಲಿ.

“ಹೊರಗಲ್ಲ. ಸ್ವಲ್ಪ ದಿನ ಏನೂ ಬರೀದೆ ಹೊಸ್ತಿಲಲ್ಲಿ ಕೂತಿರು. ಮಾತು ಕಲಿತ ಮೇಲೆ ಒಳಗೆ ಬಾ.”

ಈಗ ನಮ್ಮ ತಾಣವನ್ನು ನೋಡಿಕೊಳ್ಳುವವರು ಹಲವರು, ಬೇರೆ ಬೇರೆ ಮನೆತನದವರು. ನೆಂಟರ ಮೇಲೆ ದೂರು ಬಂದರೆ ನೆಂಟರು ಅದನ್ನು ಮುಟ್ಟುವ ಹಾಗಿಲ್ಲ. ನಿಯಮಗಳನ್ನು ಕೂತು ಮಾತಾಡಿ ಬರೆದೆವು. ಹೊಸಬರನ್ನು ಯಾರು, ಯಾಕೆ ಎಂದು ಮೆತ್ತಗೆ ಕೇಳುತ್ತೇವೆ, ಬಂದ ಮೇಲೆ ಹೆಸರು ಹಿಡಿದು ಸ್ವಾಗತಿಸುತ್ತೇವೆ. ಮಾರ್ಸೇಯವರು ಇನ್ನೂ ಬಾಗಿಲು ತೆರೆದಿಲ್ಲ. ‘ಸ್ವಲ್ಪ ಕಾಲ ನೋಡುತ್ತೇವೆ’ ಎಂದಿದ್ದಾರೆ. ಅದು ನ್ಯಾಯವೇ.

ಮೋಂಜಿಯಾ ತಾಣಕ್ಕೆ ತಿರುಗಿ ಬಂದಿಲ್ಲ. ಬಶೀರನ ಮಾತುಗಳು ಬರುವುದೂ ಇಲ್ಲ.

ಓದುತ್ತಿರುವ ನೀವೂ ಇಂಥದೊಂದು ಚಿಕ್ಕ ತಾಣದಲ್ಲಿರಬಹುದು. ಅಲ್ಲಿ ಒಡೆಯನಿಲ್ಲ. ಹಾಗಾಗಿ ಕಾಯುವವರು ನೀವೇ. ಯಾರನ್ನಾದರೂ ಹಂಗಿಸಿದ್ದು ಕಂಡರೆ ನಗುವ ಮುಖ ಒತ್ತಬೇಡಿ, ದೂರು ಕೊಡಿ. ನೊಂದವರಿಗೆ ‘ನಾನಿದ್ದೇನೆ’ ಎಂದು ಒಂದು ಸಾಲು ಬರೆಯಿರಿ. ತಾಣ ನಡೆಸುವವರ ಕೆಲಸಕ್ಕೂ ಖರ್ಚಿಗೂ ಹೆಗಲು ಕೊಡಿ. ನಿಮಗೆ ಬೇಕಾದ ಮಾತುಗಳ ಪ್ರತಿಯನ್ನು ಇಂದೇ ಉಳಿಸಿಟ್ಟುಕೊಳ್ಳಿ. ಒಬ್ಬರು ಎದ್ದುಹೋಗುವ ತನಕ ಕಾಯಬೇಡಿ.

ನಿನ್ನೆ ಸಂಜೆ ಸಾಲ್ಹಾ ಒಣ ಆಕ್ಟೋಪಸ್ ಹಾಕಿ ಬಾರ್ಲಿ ಗಂಜಿ ಮಾಡಿದ್ದಳು. ಓಣಿಯೆಲ್ಲ ಅದೇ ವಾಸನೆ. ಬಟ್ಟಲಿಗೆ ತಟ್ಟೆ ಮುಚ್ಚಿ ಹಿಡಿದುಕೊಂಡು ಮೆಹ್ರೆಜ್ ಮೋಂಜಿಯಾಳ ಬಾಗಿಲು ತಟ್ಟಿದ್ದು ನನ್ನ ಕಿಟಕಿಯಿಂದ ಕಾಣಿಸಿತು. ಅವಳು ಬಾಗಿಲು ತೆರೆದಳು. ಕೈ ಚಾಚಲು ತಡವಾಯಿತು. ಬಿಸಿ ಬಟ್ಟಲನ್ನು ಕೈಯಿಂದ ಕೈಗೆ ಬದಲಿಸುತ್ತ ಅವನು ತಲೆ ತಗ್ಗಿಸಿ ನಿಂತೇ ಇದ್ದ. ಆಮೇಲೆ ಅವಳು ಸೆರಗಿನ ತುದಿಯನ್ನು ಅಂಗೈ ಮೇಲೆ ಹಾಸಿ ಮುಂದೆ ಚಾಚಿದಳು. ಅವನು ಬಟ್ಟಲನ್ನು ಅದರ ಮೇಲಿಟ್ಟ.