ಇಪ್ಪತ್ತೊಂದನೆಯ ಪತ್ರಿಕೆ

“ಗಂಡಿನ ಹೆಸ್ರೇ ಇಲ್ದ ಲಗ್ನಪತ್ರಿಕೆ ಅಚ್ಚಾಕವ್ಳಲ್ಲ, ನಿನ್ ಮಗ್ಳಿಗೆ ತಲೆಗಿಲೆ ಕೆಟ್ಟದಾ ಭಾವ? ಮಳವಳ್ಳಿ ಬೀಗ್ರ ಫೋನಿಗೂ ಅದ್ರ ಫೋಟೊ ಓಗ್ಯದೆ! ನಾನು ಮುಕ ಎಲ್ಲಿಕ್ಕಲಿ?”

“ಕುತ್ಗೆ ಮೇಲೇ ಇಕ್ಕೊ. ದನಿ ಇಳ್ಸ್ಲಾ ಸಿದ್ರಾಜ, ಇದು ಅಂಗ್ಡಿ.”

ಮದ್ದೂರಿನ ಬಸ್ ನಿಲ್ದಾಣದ ಹಿಂದೆ ತಿಮ್ಮಯ್ಯನದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಸಿದ್ದರಾಜು ಅವನ ಹೆಂಡತಿಯ ತಮ್ಮ; ಮಗಳು ದೀಪಿಕಳಿಗೆ ಮಳವಳ್ಳಿಯ ಸಂಬಂಧ ತಂದವನು.

ಹಗ್ಗದ ಮೇಲೆ ಹಾಳೆಗಳು ಒಣಗುತ್ತಿದ್ದವು. ಬಿಳಿ ಹಾಳೆ, ಕೆಂಪು ಅಕ್ಷರ. ವಧು ದೀಪಿಕ, ವರನ ಜಾಗ ಖಾಲಿ. ಮೈಸೂರಿನಲ್ಲಿ ಕಲೆ ಕಲಿತ ಮಗಳು ಪ್ರದರ್ಶನಕ್ಕೆಂದು ಮಾಡಿದ ಕೃತಿ. ಇಪ್ಪತ್ತೇ ಪ್ರತಿ, ಒಂದೊಂದಕ್ಕೂ ಸಂಖ್ಯೆ, ಸಹಿ. ಆಮೇಲೆ ಮತ್ತೊಂದು ಹುಟ್ಟದಂತೆ, ಅಕ್ಷರ ಮೂಡಿಸುವ ಸ್ಕ್ರೀನಿನ ಬಟ್ಟೆ ಹರಿಯಬೇಕು ಎಂದಿದ್ದಳು. ತೊಳೆದಿಟ್ಟರೆ ಇನ್ನೊಂದು ಮದುವೆಗಾಗುವ ಸ್ಕ್ರೀನು ಹರಿಯಲು ನನಗೇನು ಹುಚ್ಚೇ ಎಂದು ತಿಮ್ಮಯ್ಯ ಕೂಗಾಡಿದ್ದ. ಅದು ಹಾಗೇ ಗೋಡೆಗೊರಗಿತ್ತು.

ಸಿದ್ದರಾಜುವಿನ ಕಣ್ಣು ಅದರ ಮೇಲೆ ಬಿತ್ತು. “ಒಳ್ಳೇದೇ ಆಯ್ತು ಬುಡು. ಆ ಜಾಗಕ್ಕೆ ಉಡ್ಗನ ಹೆಸ್ರು ಸೇರ್ಸಿ ಐನೂರು ಎಳ್ದುಬುಡು. ಬೀಗ್ರೂ ತಮಾಸೆ ಅಂತ ಸುಮ್ಕಾಯ್ತಾರೆ.”

“ಅಪ್ಪಾ...” ಎಂದಳು ಹಾಳೆಗಳ ಪಕ್ಕ ನಿಂತಿದ್ದ ದೀಪಿಕ.

ತಿಮ್ಮಯ್ಯ ಆ ಖಾಲಿ ಜಾಗವನ್ನೇ ನೋಡಿದ. ಎಷ್ಟೋ ಊರಿನ ಮದುವೆ ಅಚ್ಚು ಹಾಕಿದ್ದ. ಅಲ್ಲಿ ಯಾರ ಹೆಸರಿರಬೇಕೆಂದು ಯಾವ ಹೆಣ್ಣನ್ನೂ ಯಾರೂ ಕೇಳಿದ್ದು ಅವನು ಕಂಡಿರಲಿಲ್ಲ. ಕೇಳದಿದ್ದರೂ ಜಾಗ ಖಾಲಿ ಬಿಟ್ಟೇ ಹೇಳಿದವಳು ತನ್ನ ಮಗಳು! ಎದೆ ಉಬ್ಬಿತು, ಸಿಟ್ಟೂ ಏರಿತು. ಬ್ಲೇಡು ತೆಗೆದು ಸ್ಕ್ರೀನನ್ನು ಮೂಲೆಯಿಂದ ಮೂಲೆಗೆ ಪರ್ರನೆ ಸೀಳಿದ.

“ಇಪ್ಪತ್ತು ಅಂದ್ಲು, ಇಪ್ಪತ್ತೇ ಕಣ್ಲಾ. ಇಪ್ಪತ್ತೊಂದ್ನೇದು ಬೇಕಂದ್ರೆ ಬೀಗ್ರೇ ಕೈಯಲ್ಲಿ ಬರ್ಕೊಳ್ಳಿ.”

ಯಾವ ಮದುವೆಯದಾದರೂ ಮೊದಲ ಕಾರ್ಡಿಗೆ ಅರಿಸಿನ ಹಚ್ಚಿ ದೇವರ ಮುಂದಿಡುವುದು ಅವನ ಅಂಗಡಿಯ ಪದ್ಧತಿ. ಒಂದನೆಯ ಹಾಳೆ ಇಳಿಸಿ ನಾಲ್ಕು ಮೂಲೆಗೂ ಹಚ್ಚಿದ.

“ಅಪ್ಪಾ, ಇದು ಮದ್ವೆ ಕಾರ್ಡಲ್ಲ ಕಣಪ್ಪ!” ದೀಪಿಕ ಅಳುತ್ತಲೇ ನಕ್ಕಳು.

“ಇರ್ಲಿ ಕಣಮ್ಮ. ನಮ್ಮಂಗ್ಡಿದು ತಾನೆ?”

“ಇನ್ನೀ ಒಸ್ಲು ತುಳಿದ್ರೆ ಕೇಳು!” ಸಿದ್ದರಾಜು ದಡದಡನೆ ಹೊರನಡೆದು ಬೈಕು ಒದ್ದ.

“ಎಲ್ಮೆಟ್ಟು ಬುಟ್ಟೋದೆ ಕಣ್ಲಾ!” ತಿಮ್ಮಯ್ಯ ಕೂಗಿದ. ಬೈಕು ಮಳವಳ್ಳಿ ರಸ್ತೆಗೆ ತಿರುಗಿತು.

ಈಗ ಗೋಡೆಯ ಮೇಲೆ ಅರಿಸಿನದ ಹಾಳೆ ಕಟ್ಟು ಹಾಕಿಸಿಕೊಂಡು ಕೂತಿದೆ. ಪಕ್ಕದ ಮೊಳೆಯಲ್ಲಿ ಹೆಲ್ಮೆಟ್ಟು ನೇತಾಡುತ್ತಿದೆ. ಮುನಿಸಿಕೊಂಡ ಸಿದ್ದರಾಜು ಅದಕ್ಕಾಗಿಯೂ ಹೊಸಿಲು ತುಳಿದಿಲ್ಲ.